ಐದನೆಯ ಹಾಲು

ಮರಳುನಾಡಿನ ಹುಫೂಫ್ ಊರಿನ ರಿಫಾ ಕೇರಿಯಲ್ಲಿ ತರ್ಫಾಳನ್ನು ತಿಳಿಯದವರಿರಲಿಲ್ಲ. ಅವಳು ಹೆತ್ತದ್ದು ಐದು ಮಕ್ಕಳನ್ನು, ಎದೆಹಾಲು ಕೊಟ್ಟದ್ದು ಬೇರೆಯವರ ಮೂವತ್ತೊಂದು ಮಕ್ಕಳಿಗೆ. ಬಾಣಂತಿಗೆ ಜ್ವರ ಬಂತು, ಹಾಲು ಬತ್ತಿತು, ಹೆರಿಗೆಯಲ್ಲೇ ಜೀವ ಹೋಯಿತು ಎಂದರೆ ಮಗುವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಯಾರಾದರೂ ಅವಳ ಬಾಗಿಲಿಗೆ ಬರುತ್ತಿದ್ದರು. ಹಿಟ್ಟು ಕಲಸುತ್ತಿದ್ದರೆ ಕೈ ತೊಳೆದುಕೊಂಡು, ಗೋಡೆಗೆ ಒರಗಿ ಕೂತು, ಮಗುವನ್ನು ಮಡಿಲಿಗೆ ಹಾಕಿಕೊಳ್ಳುತ್ತಿದ್ದಳು. ಅದಕ್ಕಾಗಿ ಯಾರಿಂದಲೂ ಒಂದು ಖರ್ಜೂರವನ್ನೂ ಮುಟ್ಟಿದವಳಲ್ಲ.

ಆದರೆ ಅವಳದೊಂದು ಕಟ್ಟುನಿಟ್ಟು ಇತ್ತು. ನಾಲ್ಕು ಸಲದ ಮೇಲೆ ಕೊಡುತ್ತಿರಲಿಲ್ಲ. ಅವರ ಧರ್ಮದ ಕಟ್ಟಳೆಯಂತೆ ಹೊಟ್ಟೆ ತುಂಬ ಐದು ಸಲ ಕುಡಿದ ಮಗು ಹಾಲು ಕೊಟ್ಟವಳ ಸ್ವಂತ ಮಗುವೇ ಆಗಿಬಿಡುತ್ತದೆ. ಅವಳ ಮಕ್ಕಳೆಲ್ಲ ಅದಕ್ಕೆ ಒಡಹುಟ್ಟಿದವರು. ಅವಳ ಬಳಿ ಐದು ಸಲ ಕುಡಿದ ಬೇರೆ ಮಕ್ಕಳೂ ಒಡಹುಟ್ಟಿದವರೇ. ಮುಂದೆ ಅವರವರಲ್ಲಿ ಮದುವೆ ಕೂಡದು. ಕೇರಿಯ ಮಕ್ಕಳೆಲ್ಲ ಅಣ್ಣ ತಂಗಿಯರಾಗಿಬಿಟ್ಟರೆ ಗಂಡು ಹೆಣ್ಣು ಎಲ್ಲಿಂದ ತರುವುದು? ಅದಕ್ಕೇ ಅವಳು ನಾಲ್ಕು ಸಲ ಕೊಟ್ಟು, ಐದನೆಯದಕ್ಕೆ ಇನ್ನೊಬ್ಬ ಬಾಣಂತಿಯ ಮನೆ ತೋರಿಸುತ್ತಿದ್ದಳು. ಮೂವತ್ತೊಂದರಲ್ಲಿ ಆರು ಮಕ್ಕಳು ಮಾತ್ರ ಐದು ದಾಟಿದವು. ಆ ಆರೂ ತಬ್ಬಲಿಗಳು.

ಅವಳಿಗೆ ಓದು ಬರಹ ಅಷ್ಟಕ್ಕಷ್ಟೆ. ಯಾವ ಮಗು ಯಾವ ದಿನ, ಯಾವ ಬಾಂಗಿನ ಮುಂಚೆ, ಯಾವ ನಮಾಜಿನ ನಂತರ ಕುಡಿಯಿತು, ತಾನಾಗಿ ಬಾಯಿ ಬಿಟ್ಟಿತೋ ನಿದ್ದೆ ಹೋಯಿತೋ, ಎಲ್ಲ ತಲೆಯಲ್ಲಿತ್ತು. ಕೇರಿಯಲ್ಲಿ ಮದುವೆಯ ಮಾತು ಎದ್ದರೆ ಮೊದಲು ಅವಳನ್ನು ಕೇಳುತ್ತಿದ್ದರು. ನಾಲ್ಕು ಎಂದರೆ ಮದುವೆ, ಐದು ಎಂದರೆ ಇಲ್ಲ. ಅವಳ ಮಾತಿನ ಮೇಲೆ ಹನ್ನೆರಡು ಮದುವೆಗಳು ನಡೆದಿದ್ದವು.

ಎಣ್ಣೆ ಕಂಪನಿಯ ದುಡ್ಡು ಬಂದು ಮಣ್ಣಿನ ಮನೆಗಳೆಲ್ಲ ಬಿದ್ದು ಸಿಮೆಂಟಿನವು ಎದ್ದವು. ಅಂಗಡಿಯಲ್ಲಿ ಹಾಲಿನ ಪುಡಿಯ ಡಬ್ಬ ಸಾಲುಸಾಲಾಗಿ ಬಂತು. ತರ್ಫಾಳ ಬಾಗಿಲಿಗೆ ಮಗು ಎತ್ತಿಕೊಂಡು ಬರುವವರು ನಿಂತರು. ಕೊನೆಯದಾಗಿ ಬಂದ ಮಗು ಎದುರು ಮನೆಯ ಸಬೀಕಾಳ ಮಗ ಗಾನಿಮ್.

ಸಬೀಕಾಗೆ ಚಿಕ್ಕಂದಿನಿಂದ ಮೂಳೆನೋವು ಬರುತ್ತಿತ್ತು. ಹೆತ್ತ ಇಪ್ಪತ್ತೊಂದನೆಯ ದಿನ ಆ ನೋವು ಮತ್ತೆ ಹಿಡಿಯಿತು. ಮಗು ಬಾಟಲಿಯ ರಬ್ಬರನ್ನು ಉಗುಳುತ್ತಿತ್ತು. ಅದರ ಅಜ್ಜಿ ಎತ್ತಿಕೊಂಡು ಓಡಿ ಬಂದಳು. ತರ್ಫಾಳ ಕೊನೆಯ ಮಗಳು ಬದ್ರಿಯಾಗೆ ಆಗ ಐದು ತಿಂಗಳು. ಮಧ್ಯಾಹ್ನದ ಬಾಂಗಿಗೆ ಮುಂಚೆ ಒಂದು ಸಲ, ಇಳಿಹೊತ್ತಿನ ನಮಾಜ್ ಆದ ಮೇಲೆ ಒಂದು ಸಲ, ದೀಪ ಹಚ್ಚಿದ ಮೇಲೆ ಒಂದು, ಮಾರನೆಯ ದಿನ ಬೆಳಕು ಹರಿದಾಗ ಒಂದು. ನಾಲ್ಕು ಆಯಿತು. ಐದನೆಯದಕ್ಕೆ ಹಿಂದಿನ ಬೀದಿಯ ಬಾಣಂತಿಯ ಹತ್ತಿರ ಕಳಿಸಿದಳು. ಆ ಸಲ ಸಬೀಕಾ ಎದ್ದಳು. ಗಾನಿಮ್‌ಗೆ ಏಳು ವರ್ಷವಾಗಿದ್ದಾಗ ಅದೇ ನೋವಿನಲ್ಲಿ ಹೋದಳು.

ಈಗ ಇಬ್ಬರಿಗೂ ಇಪ್ಪತ್ತನಾಲ್ಕು. ಬದ್ರಿಯಾ ಹೆಣ್ಣುಮಕ್ಕಳ ಶಾಲೆಯಲ್ಲಿ ಮೇಡಮ್ಮು, ಗಾನಿಮ್‌ಗೆ ನೀರಿನ ಇಲಾಖೆಯಲ್ಲಿ ಕೆಲಸ. ಹುಡುಗನ ತಂದೆ ಮುಬಾರಕ್ ಹೆಣ್ಣು ಕೇಳಲು ಬಂದಾಗ ಹಜಾರದ ಪರದೆಯ ಆಚೆಯಿಂದ ಕೂಗಿ ಕೇಳಿದ.

"ಉಮ್ಮು ರಾಶಿದ್, ಒಂದು ಮಾತು. ನಮ್ಮ ಹುಡುಗ ನಿಮ್ಮ ಹಾಲು ಕುಡಿದಿದ್ದಾನೆ. ಏನೂ ಅಡ್ಡಿ ಇಲ್ಲ ತಾನೆ?"

ಉಮ್ಮು ರಾಶಿದ್ ಎಂದರೆ ರಾಶಿದನ ತಾಯಿ. ಚೊಚ್ಚಲ ಮಗ ಆರು ವರ್ಷಕ್ಕೇ ತೀರಿಕೊಂಡಿದ್ದರೂ ಕೇರಿಯವರು ಇವತ್ತಿಗೂ ತರ್ಫಾಳನ್ನು ಕರೆಯುವುದು ಅವನ ಹೆಸರಿನಿಂದಲೇ.

"ನಾಲ್ಕೇ ಸಲ ಕೊಟ್ಟಿದ್ದು. ಬೇಕಂತಲೇ ನಿಲ್ಲಿಸಿದೆ," ಎಂದಳು ತರ್ಫಾ.

"ನೀವು ಹೇಳಿದ್ಮೇಲೆ ಮುಗೀತು ಬಿಡಿ. ಕಂಪನಿಯವರ ಎಣ್ಣೆ ಮೀಟರೂ ನಿಮ್ಮಷ್ಟು ಸರಿಯಾಗಿರಲ್ಲ." ಹಜಾರದಲ್ಲಿ ಗಂಡಸರೆಲ್ಲ ನಕ್ಕರು. ಗುರುವಾರಕ್ಕೆ ನಿಕಾಹ್ ಎಂದು ಗೊತ್ತಾಯಿತು.

ಮದುವೆಗೆ ಮುಂಚೆ ಇಬ್ಬರ ರಕ್ತವನ್ನೂ ಪರೀಕ್ಷೆ ಮಾಡಿಸಬೇಕು ಎಂದು ನಾಲ್ಕೈದು ವರ್ಷದ ಹಿಂದೆ ಸರ್ಕಾರ ಕಡ್ಡಾಯ ಮಾಡಿತ್ತು. ಆ ಕಾಗದ ಇಲ್ಲದೆ ನಿಕಾಹ್ ಓದಿಸುವುದಿಲ್ಲ. ಹೊಂದುವುದಿಲ್ಲ ಎಂದು ಬಂದರೂ, ಗೊತ್ತಿದ್ದೇ ಆಗುತ್ತೇವೆ ಎಂದು ರುಜು ಹಾಕಿದರೆ ಯಾರೂ ತಡೆಯುವಂತಿಲ್ಲ. ತರ್ಫಾಳ ದೊಡ್ಡ ಮಗಳು ಜವಾಹಿರ್ ಆಸ್ಪತ್ರೆಯ ರಕ್ತ ಪರೀಕ್ಷೆಯ ಕೋಣೆಯಲ್ಲೇ ಕೆಲಸಕ್ಕಿದ್ದವಳು. ಶನಿವಾರ ಕೆಲಸ ಮುಗಿಸಿ, ಕಾಗದ ಹಿಡಿದು ನೇರ ತಾಯಿಯ ಮನೆಗೆ ಬಂದಳು. ಮುಸುಕನ್ನೂ ತೆಗೆಯದೆ ಹೇಳಿದಳು.

"ಹೊಂದಲ್ಲ. ಇಬ್ಬರ ರಕ್ತದಲ್ಲೂ ಅದೇ ಇದೆ. ರಕ್ತದ ಕಣ ಕುಡುಗೋಲಿನ ಥರ ಬಾಗೋ ಕಾಯಿಲೆ. ಇವರಿಗೆ ಏನೂ ಆಗಲ್ಲ. ಹುಟ್ಟೋ ಮಕ್ಕಳಲ್ಲಿ ನಾಲ್ಕಕ್ಕೆ ಒಂದಕ್ಕೆ ಸಬೀಕಾಗೆ ಬಂದಿದ್ದು ಬರುತ್ತೆ."

ಅಣ್ಣ ಜಾಸಿಮ್ ಕಾಗದವನ್ನು ಕೈಯಲ್ಲಿ ತೆಗೆದುಕೊಂಡು, ಓದದೆ ಮಡಚಿದ. ಅವನು ಕಂಪನಿಯಲ್ಲಿ ಕೊಳವೆಗಳ ಉಸ್ತುವಾರಿ, ಐದು ಹೊತ್ತಿನ ನಮಾಜಿಗೂ ಮಸೀದಿಯ ಮೊದಲ ಸಾಲಿನಲ್ಲಿ ನಿಲ್ಲುವವನು. ತಂದೆ ಇಲ್ಲದ ಮನೆಯಲ್ಲಿ ತಂಗಿಯ ನಿಕಾಹ್ ಮಾಡಿಕೊಡಬೇಕಾದವನು ಅವನೇ.

"ನಿಮ್ಮ ಯಂತ್ರಕ್ಕೆ ಹಣೆಬರಹ ಓದೋಕೆ ಬರುತ್ತಾ? ನಮ್ಮಪ್ಪ ಅಮ್ಮ ಯಾವ ಕಾಗದ ನೋಡಿ ಮದುವೆ ಆದ್ರು?"

"ನೋಡ್ಲಿಲ್ಲ. ಅದಕ್ಕೇ ಎರಡು ಗೋರಿ ಇವೆ."

ಒಳಬಾಗಿಲಲ್ಲಿ ನಿಂತಿದ್ದ ಬದ್ರಿಯಾ ಮೆಲ್ಲಗೆ ಕೇಳಿದಳು. "ನಾಲ್ಕಕ್ಕೆ ಒಂದು ತಾನೆ ಅಕ್ಕ? ಮಿಕ್ಕ ಮೂರು ಚೆನ್ನಾಗೇ ಇರುತ್ತಲ್ವಾ?"

"ಇದೇನು ಲಾಟರಿನೇನೇ?"

"ಜೂಜಿನ ಮಾತು ಈ ಮನೇಲಿ ಬೇಡ," ಎಂದ ಜಾಸಿಮ್.

"ಜೂಜು ಆಡ್ತಿರೋದು ನೀನು. ನಾನು ಮಾತು ಆಡಿದೆ ಅಷ್ಟೆ."

ತರ್ಫಾ ಆಗ ಬಾಯಿ ತೆರೆದಳು. "ನನಗೂ ಈ ಮದುವೆ ಬೇಡ ಕಣೋ."

"ಯಾಕಮ್ಮ? ಹುಡುಗ ನಮಾಜ್ ಬಿಡಲ್ಲ, ಒಂದು ಕೆಟ್ಟ ಚಾಳಿ ಇಲ್ಲ, ಕಣ್ಣೆದುರಿಗೇ ಬೆಳೆದವನು. ಇವಳಿಗೂ ಒಪ್ಪಿಗೆ. ಕೊಟ್ಟ ಮಾತನ್ನ ಈ ಕಾಗದಕ್ಕಾಗಿ ಮುರಿಯೋದಾ? ಹುಟ್ಟೋ ಮಗೂಗೆ ಏನು ಬರೆದಿದೆ ಅಂತ ಅಲ್ಲಾಹ್‌ಗೆ ಬಿಟ್ಟು ಇನ್ಯಾರಿಗೂ ಗೊತ್ತಿಲ್ಲ." ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ. ನಂಬಿದ್ದನ್ನೇ ಹೇಳುತ್ತಿದ್ದ. ತರ್ಫಾ ನಂಬಿದ್ದೂ ಅದನ್ನೇ.

ಮಾರನೆಯ ದಿನ ಜವಾಹಿರ್ ರಜೆ ಹಾಕಿ ಮತ್ತೆ ಬಂದಳು. ತಾಯಿ ಮಗಳು ಅಡುಗೆಮನೆಯಲ್ಲಿ ಕೂತು ಕೆಂಪಕ್ಕಿಯ ಕಲ್ಲು ಆರಿಸುತ್ತಿದ್ದರು.

"ಅಮ್ಮ, ಐದು ಅಂತ ಹೇಳಿಬಿಡು."

ತರ್ಫಾಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಮೊರವನ್ನು ಕೆಳಗಿಟ್ಟಳು.

"ನನ್ನ ಕಾಗದನ ಜಾಸಿಮ್ ಕೇಳಲ್ಲ," ಎಂದಳು ಜವಾಹಿರ್. "ಮಸೀದಿಯ ಶೇಖ್ ಅವರ ಮಾತು ಕೇಳ್ತಾನೆ. ಶೇಖರು ನಿನ್ನ ಮಾತು ಕೇಳ್ತಾರೆ. ಹಾಲಿನ ವಿಷಯಕ್ಕೆ ನಂಬಿಕಸ್ತ ಹೆಂಗಸು ಒಬ್ಬಳ ಸಾಕ್ಷಿ ಸಾಕಂತೆ. ಒಂದು ಸಲ ಜಾಸ್ತಿ ಹೇಳಿದ್ರೆ ಗಾನಿಮ್ ನಮಗೆ ತಮ್ಮ ಆಗ್ತಾನೆ. ಮದುವೆ ತಾನಾಗೇ ನಿಲ್ಲುತ್ತೆ, ಯಾರ ಮರ್ಯಾದೆನೂ ಹೋಗಲ್ಲ. ನಮ್ಮ ಯಂತ್ರದಲ್ಲಿ ಹಾಲು ಕಾಣಲ್ಲಮ್ಮ. ಯಾರೂ ಪರೀಕ್ಷೆ ಮಾಡೋಕಾಗಲ್ಲ."

"ಮೇಲಿರೋನಿಗೆ ಕಾಣಲ್ವೇನೇ?"

"ಕಾಣುತ್ತೆ. ರಾಶಿದನ ಮೊಣಕಾಲೂ ಕಂಡಿತ್ತು."

ಜವಾಹಿರ್ ಹುಟ್ಟುವ ಮೊದಲೇ ರಾಶಿದ್ ಹೋಗಿದ್ದ. ಮೊಣಕಾಲಿನ ವಿಷಯ ಅವಳಿಗೆ ಯಾರಾದರೂ ಮುದುಕಿಯರು ಹೇಳಿರಬೇಕು. ತರ್ಫಾ ಅದನ್ನು ಯಾವತ್ತೂ ಮಕ್ಕಳೆದುರು ಆಡಿರಲಿಲ್ಲ. ಮೂರನೆಯ ವರ್ಷದಿಂದ ರಾಶಿದನಿಗೆ ಮೊಣಕಾಲು, ಮೊಣಕೈ, ಬೆನ್ನು ನೋಯುತ್ತಿತ್ತು. ದೃಷ್ಟಿ ಎಂದರು, ವಾಯು ಎಂದರು. ಕೊನೆಗೆ ಬರೆ ಹಾಕುವವನನ್ನು ಕರೆಸಿದರು. ಅವನು ಕಬ್ಬಿಣ ಕಾಯಿಸಿ ಎರಡೂ ಮೊಣಕಾಲಿಗೆ ಇಟ್ಟ. ಮಗುವಿನ ಕಾಲು ಅಲುಗದಂತೆ ಹಿಡಿದುಕೊಂಡವಳು ತರ್ಫಾ. ನೋವು ಹೋಗಲಿಲ್ಲ. ಮತ್ತೆ ಕರೆಸಿದರು. ಮೂರನೆಯ ಸಲ ಅವನು ಬಂದಾಗ ರಾಶಿದ್, "ಅಮ್ಮ, ಇನ್ನು ನೋಯುತ್ತೆ ಅಂತ ಹೇಳಲ್ಲ," ಎಂದ. ಹಾಗೆಯೇ ಮಾಡಿದ. ಅಲ್ಲಿಂದ ಎರಡು ವರ್ಷ ನೋವು ಬಂದಾಗೆಲ್ಲ ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಿದ್ದ. ವಾಸಿಯಾಯಿತು ಎಂದೇ ಅವಳು ಅಕ್ಕಪಕ್ಕದವರಿಗೆ ಹೇಳಿಕೊಂಡು ತಿರುಗಿದ್ದಳು. ಆಮೇಲೆ ಹುಟ್ಟಿದ ನಾಸಿರ್ ಮಾತು ಕಲಿಯುವ ಮೊದಲೇ, ಹದಿನಾಲ್ಕು ತಿಂಗಳಿಗೆ ಹೋದ.

ಮೊರದಲ್ಲಿದ್ದ ಅಕ್ಕಿಯನ್ನು ತರ್ಫಾ ಪೂರ್ತಿ ಆರಿಸಿದಳು. ಎದ್ದು, ಕೈಕಾಲು ಮುಖ ತೊಳೆದು ವುಜೂ ಮಾಡಿ, ನಮಾಜಿಗೆ ನಿಂತಳು. ಮುಗಿದ ಮೇಲೆ ಕೈ ಎತ್ತಿ ಬೇಡಲು ಹೋದರೆ ಏನು ಬೇಡಬೇಕು ಎಂದು ತಿಳಿಯಲಿಲ್ಲ. ಹಾಗೇ ಚಾಪೆ ಮಡಚಿ ಜಾಸಿಮ್‌ಗೆ, "ಶೇಖರನ್ನು ಕರೆಸು," ಎಂದಳು.

ಶೇಖ್ ಅಬ್ದುಲ್ ಮುಹ್ಸಿನ್ ಕೇರಿಯ ಮಸೀದಿಯ ಇಮಾಮರು, ಎಂಬತ್ತರ ಹತ್ತಿರದವರು. ಹಜಾರದಲ್ಲಿ ಅವರು, ಜಾಸಿಮ್, ಮುಬಾರಕ್, ಗಾನಿಮ್ ನಾಲ್ವರೂ ಕೂತರು. ಪರದೆಯ ಈಚೆ ತರ್ಫಾ. ಅವಳ ಹಿಂದೆ ಬದ್ರಿಯಾ ನಿಂತಿದ್ದಳು.

"ಮೊದಲು ನಾಲ್ಕು ಅಂದಿದ್ರಂತಲ್ಲ ತಾಯಿ?" ಎಂದು ಶೇಖರು ಕೇಳಿದರು.

"ಹೌದು. ಒಂದು ಮರೆತಿದ್ದೆ."

"ನೀವಾ?" ಎಂದ ಮುಬಾರಕ್. ಶೇಖರು ಅವನನ್ನು ಸುಮ್ಮನಿರಿಸಿದರು.

"ಅನುಮಾನ ಇದ್ರೆ ಅನುಮಾನ ಅಂತ್ಲೇ ಹೇಳಿ. ಅನುಮಾನದ ಹಾಲಿಗೆ ಮದುವೆ ತಪ್ಪಿಸೋ ಹಾಗಿಲ್ಲ. ಖಚಿತವಾಗಿ ಐದಾ?"

"ಖಚಿತ."

"ಐದನೇದು ಯಾವಾಗ?"

"ಮಾರನೇ ದಿನ ಸಂಜೆ. ಧೂಳುಗಾಳಿ ಎದ್ದಿತ್ತು. ಕಿಟಕಿ ಸಂದಿಗೆ ಒದ್ದೆ ಬಟ್ಟೆ ತುರುಕಿ ಕೂತಿದ್ದೆ."

"ಮಗು ತಾನಾಗಿ ಬಿಟ್ಟಿತಾ, ನೀವು ಬಿಡಿಸಿದಿರಾ?"

"ತಾನಾಗೇ ಬಿಡ್ತು. ತುಟಿ ಮೇಲೆ ಹಾಲು ಉಳಿದಿತ್ತು, ನನ್ನ ಸೆರಗಲ್ಲಿ ಒರೆಸಿದೆ."

ಧೂಳುಗಾಳಿ ನಿಜ, ಒದ್ದೆ ಬಟ್ಟೆ ನಿಜ, ತುಟಿಯ ಮೇಲಿನ ಹಾಲೂ ನಿಜ. ಅದು ಬೇರೆ ವರ್ಷದ ಬೇರೆ ಮಗು. ಸುಳ್ಳು ಹೆಣೆಯಲು ಬಾರದ ತರ್ಫಾ ಒಂದು ಮಗುವಿನ ಹಾಲನ್ನು ಎತ್ತಿ ಇನ್ನೊಂದಕ್ಕೆ ಕೊಟ್ಟಿದ್ದಳು. ಶೇಖರು ಅಲ್ಲಾಹ್‌ನ ಹೆಸರಲ್ಲಿ ಆಣೆ ಮಾಡಿಸಿದರು. ಮಾಡಿದಳು. ಹಿಂದೆ ನಿಂತಿದ್ದ ಬದ್ರಿಯಾ ಒಳಗೆ ಹೋದದ್ದು ಅವಳ ಕಾಲ್ಸಪ್ಪಳದಿಂದ ಗೊತ್ತಾಯಿತು.

ಗುರುವಾರದ ಮದುವೆ ನಿಂತಿತು. ಕೇರಿಯಲ್ಲಿ ಯಾರೂ ಕೊಂಕು ಆಡಲಿಲ್ಲ. ಸಮಯಕ್ಕೆ ನೆನಪಾಯಿತಲ್ಲ, ಅಲ್ಲಾಹ್ ದೊಡ್ಡವನು ಎಂದರು.

ಆದರೆ ಸುಳ್ಳು ಅಲ್ಲಿಗೇ ನಿಲ್ಲಲಿಲ್ಲ. ಮದುವೆ ಕೂಡದು ಎಂದ ಮೇಲೆ ಗಾನಿಮ್ ಈ ಮನೆಯ ಮಗ. ತಾಯಿ ಇಲ್ಲದೆ ಬೆಳೆದವನು. ಮೂರನೆಯ ದಿನ ಒಬ್ಬನೇ ಬಂದು, ಪರದೆ ಸರಿಸಿ ಒಳಗೆ ಕಾಲಿಟ್ಟು, ಬಗ್ಗಿ ತರ್ಫಾಳ ಹಣೆಗೆ ಮುತ್ತಿಟ್ಟ. "ನನಗೆ ಇನ್ನೊಬ್ಬಳು ಅಮ್ಮ ಇದ್ದಾಳೆ ಅಂತ ಇಪ್ಪತ್ತನಾಲ್ಕು ವರ್ಷ ಯಾರೂ ಹೇಳ್ಲಿಲ್ಲ," ಎಂದ. ಅವನ ಕಣ್ಣು ಊದಿಕೊಂಡಿತ್ತು. ತರ್ಫಾ ತಲೆಯ ಬಟ್ಟೆಯನ್ನು ಎಳೆದುಕೊಳ್ಳಲು ಕೈ ಎತ್ತಿ, ಎಳೆದುಕೊಳ್ಳುವಂತಿಲ್ಲ ಎಂದು ನೆನಪಾಗಿ ಕೈ ಇಳಿಸಿದಳು.

ಪ್ರತಿ ಶುಕ್ರವಾರ ಬರತೊಡಗಿದ. ಬದ್ರಿಯಾ ಮಾತ್ರ ಕೋಣೆ ಬಿಟ್ಟು ಬರುತ್ತಿರಲಿಲ್ಲ. ಜಾಸಿಮ್‌ಗೆ ಅದು ಸರಿ ಕಾಣಲಿಲ್ಲ. ಧರ್ಮ ಇಬ್ಬರನ್ನೂ ಅಕ್ಕ ತಮ್ಮ ಮಾಡಿದ ಮೇಲೆ ಮುಖ ತಪ್ಪಿಸುವುದೆಂದರೆ ಮನಸ್ಸಿನಲ್ಲಿ ಹಳೆಯದು ಉಳಿದಿದೆ ಎಂದಾಯಿತು. ಆರನೆಯ ಶುಕ್ರವಾರ ಅವನು ಕೋಣೆಯ ಬಾಗಿಲು ಬಡಿದ.

"ಬಾರೇ, ಬಂದು ತಮ್ಮನಿಗೆ ಕಾಫಿ ಕೊಡು. ಮುಸುಕು ಯಾಕೆ ಅವನೆದುರು? ನನ್ನೆದುರು ಹಾಕ್ಕೋತೀಯಾ?"

ಬದ್ರಿಯಾ ಬಂದಳು. ಮನೆಯಲ್ಲಿ ಇರುವಂತೆಯೇ ಬಂದಳು. ಜಡೆ ಹೆಗಲ ಮೇಲಿತ್ತು, ತಲೆ ಬರಿದಾಗಿತ್ತು. ಏಲಕ್ಕಿ ಕಾಫಿಯ ಹೂಜಿಯನ್ನು ಎಡಗೈಯಲ್ಲಿ ಹಿಡಿದು ಲೋಟಕ್ಕೆ ಬಗ್ಗಿಸಿದಳು. ಗಾನಿಮ್ ನೆಲ ನೋಡುತ್ತಿದ್ದವನು ಲೋಟ ತೆಗೆದುಕೊಳ್ಳಲು ತಲೆ ಎತ್ತಿದ. ಆ ನೋಟ ತಮ್ಮನದಾಗಿರಲಿಲ್ಲ. ಬದ್ರಿಯಾಳೂ ಲೋಟ ಬಿಡಲು ಮರೆತಳು.

ಆ ಕೋಣೆಯಲ್ಲಿ ಅವನು ಪರಪುರುಷ ಎಂದು ಗೊತ್ತಿದ್ದವಳು ತರ್ಫಾ ಒಬ್ಬಳೇ. ಒಂದು ಪಾಪವನ್ನು ತಾನೇ ಹೊತ್ತುಕೊಳ್ಳುತ್ತೇನೆ ಎಂದುಕೊಂಡಿದ್ದಳು. ಈಗ ಏನೂ ಅರಿಯದ ಇಬ್ಬರು ಅವಳ ಕಣ್ಣೆದುರಿಗೇ ಅದರೊಳಗೆ ನಿಂತಿದ್ದರು. ಇನ್ನೂ ಎಷ್ಟು ಶುಕ್ರವಾರಗಳು?

"ಬದ್ರಿಯಾ," ಎಂದಳು, "ತಲೆ ಮುಚ್ಕೋ."

"ಏನಮ್ಮ?" ಎಂದ ಜಾಸಿಮ್.

"ತಲೆ ಮುಚ್ಕೋ ಮಗಳೆ. ಒಳಗೆ ಹೋಗು."

ಎಲ್ಲರಿಗಿಂತ ಮೊದಲು ಅರ್ಥವಾದದ್ದು ಬದ್ರಿಯಾಗೆ. ಹೂಜಿಯನ್ನು ನೆಲದ ಮೇಲೆ ಇಟ್ಟು, ಎರಡೂ ಕೈಯಿಂದ ತಲೆ ಮುಚ್ಚಿಕೊಂಡು, ತಾಯಿಯ ಮುಖವನ್ನೇ ನೋಡುತ್ತ ಹಿಂದಕ್ಕೆ ಸರಿದಳು. ಗಾನಿಮ್ ಎದ್ದ. ಪರದೆಯ ಆಚೆ ದಾಟಿದ. ಚಪ್ಪಲಿ ಮೆಟ್ಟಿದ ಸದ್ದು, ಗೇಟಿನ ಸದ್ದು ಕೇಳಿಸಿತು.

"ಆಣೆ ಮಾಡಿದ್ಯಲ್ಲಮ್ಮ," ಎಂದ ಜಾಸಿಮ್. ಅವನು ಅಳುತ್ತಿದ್ದ. ದೊಡ್ಡವನಾದ ಮೇಲೆ ಅವನು ಅತ್ತದ್ದನ್ನು ತರ್ಫಾ ನೋಡಿದ್ದು ಅದೇ ಮೊದಲು.

ಮರುದಿನ ತಾನೇ ಶೇಖರ ಮನೆಗೆ ಹೋಗಿ, ಅವರ ಹೆಂಡತಿಯ ಪಕ್ಕದಲ್ಲಿ ಕೂತು ಎಲ್ಲ ಹೇಳಿದಳು. ರಾಶಿದನ ವಿಷಯವನ್ನೂ ಹೇಳಿದಳು. ಸುಳ್ಳು ಆಣೆಯ ಪಾಪಕ್ಕೆ ಪಶ್ಚಾತ್ತಾಪ ಪಡಿ, ಹತ್ತು ಬಡವರಿಗೆ ಊಟ ಹಾಕಿ, ಅಲ್ಲಾಹ್ ಕ್ಷಮಿಸುವವನು ಎಂದರು ಶೇಖರು. ಆಮೇಲೆ, "ಮೊದಲು ನಾಲ್ಕು ಅಂದ್ರಿ, ಆಮೇಲೆ ಐದು ಅಂದ್ರಿ, ಈಗ ನಾಲ್ಕು ಅಂತೀರಿ. ನಾನೇನೋ ನಂಬ್ತೀನಿ ತಾಯಿ. ಮುಬಾರಕ್ ನಂಬಬೇಕಲ್ಲ?" ಎಂದರು.

ಮುಬಾರಕ್ ನಂಬಲಿಲ್ಲ. ಮಗನಿಗೆ ಅಕ್ಕನೋ ಹೆಂಡತಿಯೋ ಎಂದು ದಿನಾ ಯೋಚಿಸುವಂಥ ಸೊಸೆ ನನಗೆ ಬೇಡ ಎಂದ. ಗಾನಿಮ್ ಒಂದು ತಿಂಗಳು ತಂದೆಯ ಜೊತೆ ಜಗಳವಾಡಿದ. ಆಮೇಲೆ ಸೋತ. ಚಳಿಗಾಲದ ಹೊತ್ತಿಗೆ ಪಕ್ಕದ ಮುಬರ್ರಝ್ ಊರಿನ ಹುಡುಗಿಯ ಜೊತೆ ಅವನ ನಿಕಾಹ್ ಆಯಿತು. ಅವರಿಬ್ಬರ ಕಾಗದ ಹೊಂದಿತ್ತು. ಅಣ್ಣಂದಿರು ಪಟ್ಟ ನೋವಿನ ವಿಷಯ ನನಗೇಕೆ ಹೇಳಲಿಲ್ಲ ಎಂದು ಬದ್ರಿಯಾ ಜಗಳವಾಡುತ್ತಾಳೆ ಎಂದು ತರ್ಫಾ ಕಾದಳು. ಅವಳು ಜಗಳವನ್ನೇ ಆಡಲಿಲ್ಲ. ಶಾಲೆಗೆ ಹೋಗುತ್ತಿದ್ದಳು, ಬರುತ್ತಿದ್ದಳು, ತಾಯಿಯ ತಟ್ಟೆಯನ್ನು ತೊಳೆಯುತ್ತಿದ್ದಳು. ಮಾತು ಮಾತ್ರ ಇಲ್ಲ.

ಆಗ ಹೆಂಗಸರು ಬರತೊಡಗಿದರು. ತರ್ಫಾಳ ಮಾತಿನ ಮೇಲೆ ಮದುವೆಯಾದವರು, ಮಕ್ಕಳನ್ನು ಮದುವೆ ಮಾಡಿಕೊಟ್ಟವರು. ಮಧ್ಯಾಹ್ನದ ಹೊತ್ತು, ಗಂಡಂದಿರಿಗೆ ಹೇಳದೆ ಬರುತ್ತಿದ್ದರು. "ನಮ್ಮ ಹುಡುಗಂದು ನಾಲ್ಕೇ ಅಂದಿದ್ರಲ್ಲ, ಅದು ನಿಜ ತಾನೆ?" ಎಂದು ಕೇಳುತ್ತಿದ್ದರು. ತರ್ಫಾ ಒಬ್ಬೊಬ್ಬರಿಗೂ ಕೂತು, ಮೊದಲನೆಯ ಸಲದಿಂದ ಹೇಳುತ್ತಿದ್ದಳು. ಯಾವ ದಿನ, ಯಾವ ಬಾಂಗು, ಮಗು ಹೇಗೆ ಬಿಟ್ಟಿತು. ಅವರು ತಲೆ ಆಡಿಸುತ್ತ ಕೇಳುತ್ತಿದ್ದರು. ಹಿಂದೆ ಇದನ್ನೇ ಹೇಳಿದಾಗ ನಕ್ಕು ಏಳುತ್ತಿದ್ದವರು, ಈಗ ಅವಳ ಬಾಯನ್ನೇ ನೋಡುತ್ತ ಕೂತಿರುತ್ತಿದ್ದರು. ಎದ್ದು ಹೋಗುವಾಗ ನಂಬಿದೆವು ಎಂದೂ ಹೇಳುತ್ತಿರಲಿಲ್ಲ, ಇಲ್ಲ ಎಂದೂ ಹೇಳುತ್ತಿರಲಿಲ್ಲ.

ವಸ್ಮಿಯಾ ಬಂದದ್ದು ಎಲ್ಲರಿಗಿಂತ ಕಡೆಗೆ. ಅವಳು ಐದು ದಾಟಿದ ಆ ಆರು ತಬ್ಬಲಿಗಳಲ್ಲಿ ಒಬ್ಬಳು, ತರ್ಫಾಳಿಗೆ ಮಗಳೇ. ಅವಳ ಗಂಡ ಅದೇ ಕೇರಿಯವನು, ತರ್ಫಾಳ ಹತ್ತಿರ ನಾಲ್ಕು ಸಲ ಕುಡಿದವನು. ಮೂರು ಮಕ್ಕಳಾಗಿದ್ದವು, ನಾಲ್ಕನೆಯದು ಮಡಿಲಲ್ಲಿತ್ತು.

"ಅಮ್ಮ, ಅವರದು ನಾಲ್ಕೇ ತಾನೆ?"

"ನಾಲ್ಕೇ ಕಣೆ. ಮೂರು ಒಂದೇ ದಿನ, ಇನ್ನೊಂದು..."

"ಅದೆಲ್ಲ ಬೇಡಮ್ಮ. ಹದಿನೈದು ದಿನದಿಂದ ನಾನು ಅವರ ಹಾಸಿಗೇಲಿ ಮಲಗಿಲ್ಲ. ತಲೆನೋವು ಅಂತ ಸುಳ್ಳು ಹೇಳ್ತಿದ್ದೀನಿ. ಅಲ್ಲಾಹ್ ಮೇಲೆ ಆಣೆ ಮಾಡಿ ಹೇಳು. ಅಷ್ಟು ಸಾಕು ನನಗೆ."

ತರ್ಫಾ ಬಾಯಿ ತೆರೆದಳು. ಆಣೆಯ ಮಾತು ನಾಲಿಗೆಯ ತುದಿಗೆ ಬಂತು. ಇದೇ ಬಾಯಿ, ಇದೇ ಮಾತು, ಇದೇ ಪರದೆಯ ಪಕ್ಕ. ಹೇಳಿದರೆ ಇವಳು ನಂಬುತ್ತಾಳೆಯೆ? ನಂಬಿದರೂ ಎಷ್ಟು ದಿನ? ತರ್ಫಾಗೆ ಹೇಳಲಾಗಲಿಲ್ಲ. ಅವಳು ಸುಮ್ಮನಾದದ್ದನ್ನು ವಸ್ಮಿಯಾ ನೋಡಿದಳು. ಮಗುವನ್ನು ಎದೆಗೆ ಒತ್ತಿಕೊಂಡು ಏಳಲು ಹೋದಳು.

"ಕೂತ್ಕೋ ವಸ್ಮಿಯಾ."

ಒಳಬಾಗಿಲಲ್ಲಿ ಬದ್ರಿಯಾ ನಿಂತಿದ್ದಳು. ಶಾಲೆಯಿಂದ ಬಂದ ಬಟ್ಟೆಯಲ್ಲೇ ಇದ್ದಳು.

"ನಮ್ಮಮ್ಮ ಒಂದೇ ಒಂದು ಸಲ ಸುಳ್ಳು ಹೇಳಿದ್ದು. ಅದು ನನಗೆ. ನಿನ್ನ ಗಂಡನದು ನಾಲ್ಕೇ. ಮನೆಗೆ ಹೋಗು."

ವಸ್ಮಿಯಾ ಬದ್ರಿಯಾಳನ್ನೂ ನೋಡಿದಳು, ತರ್ಫಾಳನ್ನೂ ನೋಡಿದಳು. ಮಗು ಎಚ್ಚರಗೊಂಡು ಅಳತೊಡಗಿತು. ಅದನ್ನು ತಟ್ಟುತ್ತ, ಬುರ್ಖಾ ಸರಿಮಾಡಿಕೊಂಡು ಹೊರಗೆ ಹೋದಳು. ಅವಳು ಮನೆಯ ಕಡೆಗೇ ತಿರುಗಿದಳೋ, ಶೇಖರ ಮನೆಯ ಕಡೆಗೆ ಹೋದಳೋ ನೋಡಲು ತರ್ಫಾ ಕಿಟಕಿಗೆ ಹೋಗಲಿಲ್ಲ.

"ಬದ್ರಿಯಾ," ಎಂದು ಕರೆದಳು.

ಬದ್ರಿಯಾ ಆಗಲೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಿದ್ದಳು.